ಹೆಬ್ಬೆರಳು ಊರಿದ ಜಾಗ

ಎಂಟನೇ ತಾರೀಕು, ಬುಧವಾರ
ಅಂಗಡಿಯಲ್ಲಿ, ಬೆಳಗಿನ ಹೊತ್ತು

ಮುದ್ದಿನ ದುಂಬಿಗೆ,

ಅಪ್ಪನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ನಿನ್ನ ಕಾಗದ ಬಂದು ಆರು ವಾರವಾಯಿತು, ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಕೆಲಸ ಜಾಸ್ತಿ ಇರಲಿಲ್ಲ. ನಡುವೆ ಮೂರು ಸಲ ಫೋನ್ ಮಾಡಿದೆನಲ್ಲ, ಮೂರು ಸಲವೂ ಇದನ್ನೇ ಹೇಳಬೇಕೆಂದು ಮಾಡಿದ್ದೆ. ಮೂರು ಸಲವೂ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಮೂರನೇ ಸಲ ಬೆಳಗ್ಗೆ ಎಂಟು ಗಂಟೆ. "ಯಾವ ಊಟ ಅಪ್ಪ, ಈಗಿನ್ನೂ ಹಲ್ಲುಜ್ತಾ ಇದೀನಿ" ಎಂದು ನೀನು ನಕ್ಕೆ. ನಾನೂ ನಕ್ಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಗಿತ್ತು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿಯುತ್ತ ಬಂದಿದೆ. ಅಮ್ಮನ ಬೇಸ್ ಗಿಟಾರನ್ನು ಇನ್ನು ಊರೂರು ತಿರುಗಿಸುವುದು ಬೇಡ, ಅದರ ಹಾಗೆಯೇ ಇನ್ನೊಂದನ್ನು ಮಾಡಿಸಿಕೊಂಡು, ಇದನ್ನು ಮನೆಯಲ್ಲಿ ಜೋಪಾನವಾಗಿ ಇಡುತ್ತೇನೆ ಎಂದು ಬರೆದಿದ್ದೀಯ. ನಿನ್ನ ಊರಿನ ಗಿಟಾರ್ ಮೇಸ್ತ್ರಿ ಇಪ್ಪತ್ತನೇ ತಾರೀಕು ಅದನ್ನು ಪೂರ್ತಿ ಬಿಚ್ಚಿ ಅಳತೆ ತೆಗೆಯುತ್ತಾರಂತೆ. ಅಮ್ಮನ ಹೆಬ್ಬೆರಳು ಸವೆಸಿದ ಜಾಗ, ಅವಳ ಉಂಗುರ ಗೀರಿದ ಗೆರೆ, ಎಲ್ಲವನ್ನೂ ಹೊಸದರಲ್ಲಿ ಹಾಗೆಯೇ ಮೂಡಿಸುತ್ತಾರಂತೆ. ಅಮ್ಮ ಯಾವ ತಂತಿ ಹಾಕುತ್ತಿದ್ದಳು ಎಂದು ನನ್ನನ್ನು ಕೇಳಿದ್ದೀಯ. ಆ ಮೇಸ್ತ್ರಿ ಕೆಲಸ ಬಲ್ಲವರಾದರೆ, ಮೇಲಿನ ತಗಡಿನ ಸ್ಕ್ರೂ ಬಿಚ್ಚಿದ ಹತ್ತು ನಿಮಿಷದಲ್ಲಿ ಅವರಿಗೆ ಎಲ್ಲ ಗೊತ್ತಾಗುತ್ತದೆ. ಅವರ ಬಾಯಿಂದ ನೀನು ಅದನ್ನು ಕೇಳಬಾರದು. ಅದಕ್ಕೇ ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೇನೆ.

ಮೊದಲು ಅಂಗಡಿಯ ಸಮಾಚಾರ ಹೇಳುತ್ತೇನೆ, ಅದೂ ಇದಕ್ಕೇ ಸೇರಿದ್ದು. ಈಗೆಲ್ಲ ಹಳೇ ಕಾಲದ ಬೇಸ್‌ಗಳ ಹುಚ್ಚು. ಹಳೆಯದು ಸಿಗುವುದಿಲ್ಲವಲ್ಲ, ಹಾಗಾಗಿ ಹೊಸದನ್ನೇ ಹಳೆಯದರ ಹಾಗೆ ಮಾಡಿಸಿಕೊಳ್ಳುತ್ತಾರೆ. ಹೋದ ವಾರ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದರು. ಹೊಳೆಯುವ ಹೊಸ ಬೇಸನ್ನು ಮೇಜಿನ ಮೇಲಿಟ್ಟು, "ಇದಕ್ಕೊಂದು ಮೂವತ್ತು ವರ್ಷ ವಯಸ್ಸಾಗ್ಬೇಕು, ಶುಕ್ರವಾರದೊಳಗೆ ಆಗುತ್ತಾ?" ಎಂದರು. "ಹಲ್ಲು ಬೇಗ ಹಳೇದಾಗುತ್ತೆ ಡಾಕ್ಟ್ರೇ, ಮರ ಸ್ವಲ್ಪ ನಿಧಾನ" ಎಂದೆ. ಶುಕ್ರವಾರಕ್ಕೆ ಮಾಡಿಯೂ ಕೊಟ್ಟೆ. ಎಲ್ಲಿ ತೋಳು ಉಜ್ಜುತ್ತದೆ, ಎಲ್ಲಿ ಬೆಲ್ಟಿನ ಬಕಲ್ ತಾಗುತ್ತದೆ, ಎಲ್ಲಿ ಬೆರಳಿನ ಬೆವರು ಬಣ್ಣ ತಿನ್ನುತ್ತದೆ, ನನಗೆ ಕಣ್ಣು ಮುಚ್ಚಿದರೂ ಗೊತ್ತು. ಈ ಕೆಲಸಕ್ಕೆ ನನ್ನ ಕೈಯೇ ಬೇಕು ಎಂದು ದೂರದಿಂದೆಲ್ಲ ಬರುತ್ತಾರೆ. "ಎಲ್ಲಿ ಕಲಿತಿರಿ?" ಎಂದು ಕೇಳುತ್ತಾರೆ. ನಾನು ಟೀ ತರಿಸುತ್ತೇನೆ.

ದುಂಬಿ, ಅದನ್ನು ಕಲಿತದ್ದು ನಿಮ್ಮಮ್ಮನ ಬೇಸಿನ ಮೇಲೆ.

ಆ ಬೇಸಿನ ದನಿ ಹೇಗಿತ್ತೆಂದು ಹೇಳದಿದ್ದರೆ ನನ್ನ ತಪ್ಪಿನ ತೂಕ ನಿನಗೆ ತಿಳಿಯುವುದಿಲ್ಲ. ಈಗಿನ ಬೇಸಿಗೆ ಹೊಸ ತಂತಿ ಹಾಕಿ ಮೀಟಿದರೆ ಝಣ್ ಎನ್ನುತ್ತದೆ, ಸ್ವರ ಬಾಲ ಬಿಟ್ಟುಕೊಂಡು ಉದ್ದಕ್ಕೆ ಹೋಗುತ್ತದೆ. ನಿಮ್ಮಮ್ಮನದು ದುಮ್ ಎಂದು ಹುಟ್ಟಿ, ಒಂದು ಕ್ಷಣ ದುಂಡಗೆ ನಿಂತು, ಮುಂದಿನ ಸ್ವರಕ್ಕೆ ಜಾಗ ಬಿಟ್ಟುಕೊಟ್ಟು ಹೋಗುತ್ತಿತ್ತು. ಪಕ್ಕದ ಕೋಣೆಯಲ್ಲಿ ನಮ್ಮವರು ಯಾರೋ ಓಡಾಡುತ್ತಿರುವ ಹಾಗೆ. ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತಿತ್ತು. ನೀನು ಎಂಟು ತಿಂಗಳ ಕೂಸು, ಸ್ಪೀಕರ್ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತು ಅದರ ಜೊತೆ ಗುಂಯ್ ಎನ್ನುತ್ತಿದ್ದೆ. ಈ ಹೆಸರು ನಿನಗೆ ಅಂಟಿದ್ದೇ ಆಗ. ಹೋಟೆಲಿನ ಆರ್ಕೆಸ್ಟ್ರಾದಲ್ಲಿ ಹಾಡುವವನಿಗೆ ಚಪ್ಪಾಳೆ, ಡ್ರಮ್ ಬಾರಿಸುವವನಿಗೆ ಶಿಳ್ಳೆ, ನಿಮ್ಮಮ್ಮ ಹಿಂದೆ ಕಂಬದ ಪಕ್ಕ ನಿಂತಿರುತ್ತಿದ್ದಳು. ನಾನು ಬೇಜಾರು ಮಾಡಿಕೊಂಡರೆ, "ಬೇಸ್ ಅಂದ್ರೆ ಮನೆ ಪಾಯ ಕಣ್ರೀ. ಮನೆಗೆ ಬಂದೋರು ಯಾರಾದ್ರೂ ಪಾಯ ಚೆನ್ನಾಗಿದೆ ಅಂತಾರಾ?" ಎನ್ನುತ್ತಿದ್ದಳು.

ಆ ದನಿ ಮರದಲ್ಲಿದೆ, ಹಳೇ ಮರದ್ದೇ ಮಹಿಮೆ ಎಂದು ನೀನು ರೇಡಿಯೋ ಸಂದರ್ಶನದಲ್ಲಿ ಹೇಳಿದೆ. ಸ್ವಲ್ಪ ಮರದಲ್ಲಿತ್ತು, ನಿಜ. ಹೆಚ್ಚಿನದು ತಂತಿಯಲ್ಲಿತ್ತು. ಚಪ್ಪಟೆ ಸುತ್ತಿನ ತಂತಿಗಳು, ಬೆರಳಿಗೆ ನುಣ್ಣಗೆ. ನಮ್ಮ ಮದುವೆಗೆ ಮುಂಚೆ ಹಾಕಿದ್ದು, ಹತ್ತೊಂಬತ್ತು ವರ್ಷ ಬದಲಾಯಿಸಲಿಲ್ಲ. "ತಂತಿ ಸತ್ತು ಯಾವ ಕಾಲವಾಯ್ತು ಮಾರಾಯ್ತಿ" ಎಂದರೆ, "ಸತ್ತಿಲ್ಲ, ಪಳಗಿದೆ" ಎನ್ನುತ್ತಿದ್ದಳು. ಇನ್ನೊಂದು ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಸ್ವರ ಬೇಗ ಅಡಗಲೆಂದು ತಂತಿಗಳ ಬುಡದಲ್ಲಿ, ಮುಚ್ಚಳದ ಕೆಳಗೆ, ಒಂದು ಸ್ಪಂಜಿನ ತುಂಡು ಸಿಕ್ಕಿಸಿದ್ದಳು. ನಿನ್ನ ಸ್ನಾನದ ಹಳದಿ ಬಾತುಕೋಳಿ ಇತ್ತಲ್ಲ, ಅದರ ಬಾಲ. ಬಾತುಕೋಳಿಗೆ ಬಾಲ ಯಾಕಿಲ್ಲ ಎಂದು ನೀನು ಅತ್ತಾಗ, ಇಲಿ ತಿಂದಿತು ಎಂದಿದ್ದೆವು.

ನನಗೆ ಆ ಬೇಸನ್ನು ಕಂಡರೆ ನಾಚಿಕೆಯಾಗುತ್ತಿತ್ತು. ಇದನ್ನು ಬರೆಯಲು ಈಗ ಇನ್ನೂ ಹೆಚ್ಚು ನಾಚಿಕೆ. ಹೆಬ್ಬೆರಳು ಊರುವಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು, ಹಿಂದೆಲ್ಲ ಗೀರು, ಕುತ್ತಿಗೆಯ ಮೆರುಗು ಬೂದು ಬಣ್ಣಕ್ಕೆ ತಿರುಗಿತ್ತು. ಒಂದು ದಿನ ಹಾಡುವವನು ಎಲ್ಲರೆದುರು, "ರಿಪೇರಿಯವರ ಮನೇಲೇ ಇಂಥಾ ಡಬ್ಬಾನಾ? ದೀಪದ ಬುಡದಲ್ಲೇ ಕತ್ತಲು ಅನ್ನಿ" ಎಂದ. ಎಲ್ಲರೂ ನಕ್ಕರು, ನಿಮ್ಮಮ್ಮನೂ ನಕ್ಕಳು. ನಾನು ಮನೆಗೆ ಬಂದು, ಒಂದು ವಾರ ಕೊಡು, ಹೊಸದರ ಹಾಗೆ ಮಾಡಿಕೊಡುತ್ತೇನೆ ಎಂದು ದುಂಬಾಲು ಬಿದ್ದೆ. "ಊರವರದ್ದೆಲ್ಲ ರಿಪೇರಿ ಮಾಡಿ. ಇದೊಂದನ್ನ ಬಿಟ್ಬಿಡಿ" ಎಂದಳು. ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಿದ್ದೆ, ಅದೇ ಉತ್ತರ.

ಅವಳಿಗೆ ನನ್ನ ಕೆಲಸದ ಮೇಲೆ ಗೌರವ ಇರಲಿಲ್ಲವೆಂದಲ್ಲ. ಮೂರು ವಾರ ಕೂತು, ಸೀಳಿಹೋದ ಪಿಟೀಲಿಗೆ ಜೀವ ಕೊಟ್ಟು ಅವಳ ಮುಂದೆ ಹಿಡಿದರೆ, ತಿರುಗಿಸಿ ಮುರುಗಿಸಿ ನೋಡಿ, "ಸುಮಾರಾಗಿದೆ" ಎನ್ನುತ್ತಿದ್ದಳು. ಅದೇ ಅವಳ ಚಿನ್ನದ ಪದಕ. ಒಂದು ಸಲವಾದರೂ ಚೆನ್ನಾಗಿದೆ ಅನ್ನಬಾರದೇ ಎಂದು ಕೇಳಿದ್ದಕ್ಕೆ, "ಚೆನ್ನಾಗಿದೆ ಅನ್ನೋದು ಗುರುತು ಪರಿಚಯ ಇಲ್ಲದೋರಿಗೆ ಹೇಳೋ ಮಾತು. ನಿಮಗ್ಯಾಕೆ?" ಎಂದಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಕೊನೆಯ ನಾಲ್ಕು ತಿಂಗಳು ಅವಳು ಬೇಸ್ ಮುಟ್ಟಲಿಲ್ಲ, ತೋಳಿನಲ್ಲಿ ಶಕ್ತಿ ಇರಲಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಅವಳು ಹೋದ ಮೇಲೆ ನನಗೆ ಕೈ ಕಟ್ಟಿ ಕೂರಲಾಗಲಿಲ್ಲ. ಪೆಟ್ಟಿಗೆ ತೆರೆದೆ. ಇಷ್ಟು ವರ್ಷ ಬೇಡ ಬೇಡ ಎಂದವಳು ಈಗ ಇಲ್ಲವಲ್ಲ. ಮೈಯನ್ನು ಪೂರ್ತಿ ಉಜ್ಜಿ ಹೊಸ ಬಣ್ಣ ಹಾಕಿದೆ, ಕನ್ನಡಿಯ ಹಾಗೆ ಮೆರುಗು ಕೊಟ್ಟೆ. ತಂತಿಗಳನ್ನು ಕತ್ತರಿಸಿ ಗುಜರಿ ಡಬ್ಬಕ್ಕೆ ಹಾಕಿದೆ. ಬಾತುಕೋಳಿಯ ಬಾಲ ಗಟ್ಟಿಯಾಗಿ ಪುಡಿಪುಡಿಯಾಗುತ್ತಿತ್ತು, ಗುಡಿಸಿ ಎಸೆದೆ. ಹೊಸ ತಂತಿ ಹಾಕಿ ಮೀಟಿದೆ. ಝಣ್ ಎಂದಿತು. ಅಂಗಡಿಗೆ ಬರುವ ಯಾವ ಬೇಸ್ ಬೇಕಾದರೂ ಆಗಬಹುದಿತ್ತು ಅದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಷ್ಟರಲ್ಲಿ ನೀನು ಬಂದು ಕೇಳಿದೆ. ಹದಿನಾಲ್ಕು ವರ್ಷ, ಸ್ಕೂಲಿನ ಬ್ಯಾಗ್ ಇನ್ನೂ ಹೆಗಲ ಮೇಲಿತ್ತು. "ಅಪ್ಪ, ಅಮ್ಮನ ಬೇಸ್ ಕೊಡು, ಕಲೀತೀನಿ." ಪೆಟ್ಟಿಗೆಯ ಬೀಗದ ಕೈ ಕಾಣುತ್ತಿಲ್ಲ, ಒಂದು ವಾರ ತಡಿ ಎಂದೆ. ಕೀ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಆ ಒಂದು ವಾರದಲ್ಲಿ ಹತ್ತೊಂಬತ್ತು ವರ್ಷಗಳನ್ನು ನಾನು ಮಾಡಿದೆ. ಆರ್ಕೆಸ್ಟ್ರಾದ ಒಂದು ಫೋಟೋ ಮುಂದಿಟ್ಟುಕೊಂಡು, ಸ್ಯಾಂಡ್‌ಪೇಪರನ್ನು ನನ್ನ ಹೆಬ್ಬೆರಳಿಗೆ ಸುತ್ತಿಕೊಂಡು ಉಜ್ಜಿದೆ. ನನ್ನ ಬೆರಳು ಅವಳದಕ್ಕಿಂತ ದಪ್ಪ ಎನ್ನಿಸಿ ಕಿರುಬೆರಳಿಗೆ ಸುತ್ತಿಕೊಂಡು ಅಂಚು ತಿದ್ದಿದೆ. ಉಂಗುರದ ಗೆರೆಯನ್ನು ಅವಳದೇ ಉಂಗುರ ತೆಗೆದುಕೊಂಡು ಗೀರಿದೆ. ಕುತ್ತಿಗೆಗೆ ಟೀ ಸೊಪ್ಪಿನ ನೀರು ಒರೆಸಿದೆ. ಆ ದನಿ ಬರಬೇಕೆಂದರೆ ಹಳೇ ತಂತಿ ಬೇಕಿತ್ತು. ಯಾರೋ ರಿಪೇರಿಗೆ ಕೊಟ್ಟು ವಾಪಸು ಬಾರದೆ ಮೂಲೆಯಲ್ಲಿ ಬಿದ್ದಿದ್ದ ಒಂದು ಬೇಸಿನ ತಂತಿ ಬಿಚ್ಚಿ ಹಾಕಿದೆ. ಅವನ ಮುಖವೂ ನನಗೆ ನೆನಪಿಲ್ಲ. ಅಮ್ಮನ ತಂತಿ ಎಂದು ಹನ್ನೊಂದು ವರ್ಷದಿಂದ ನೀನು ಒಂದನ್ನೂ ಬದಲಾಯಿಸದೆ ಕಾಪಾಡಿಕೊಂಡು ಬಂದಿರುವುದು ಅದನ್ನೇ. ಮುಚ್ಚಳ ತೆಗೆದರೆ ಹಸಿರು ಸ್ಪಂಜಿದೆ, ಪಾತ್ರೆ ತೊಳೆಯುವುದು.

ಮೊದಲ ದಿನ ನೀನು ಬೇಸನ್ನು ತೊಡೆಯ ಮೇಲಿಟ್ಟುಕೊಂಡು, ಹುಡುಕಿಕೊಂಡು ಹೋಗಿ ಆ ಜಾಗದಲ್ಲಿ ಹೆಬ್ಬೆರಳು ಇಟ್ಟೆ. "ಅಪ್ಪ, ಇಲ್ಲಿ ಅಮ್ಮ ಇದ್ದಾಳೆ" ಎಂದೆ. ಆಗ ಹೇಳಬೇಕಿತ್ತು. ನಾನು ನೀರು ಕುಡಿಯಲು ಒಳಗೆ ಹೋದೆ. ಆಮೇಲೆ ಪ್ರತಿ ವರ್ಷ ಹೇಳುವುದು ಇನ್ನಷ್ಟು ಕಷ್ಟವಾಯಿತು. ನೀನು ಅದನ್ನು ನಾಲ್ಕು ಜನರೆದುರು ಹೇಳಿದಾಗಲೆಲ್ಲ ನಾನು ತಲೆ ತಗ್ಗಿಸಿದ್ದನ್ನು ಜನ ದುಃಖ ಎಂದುಕೊಂಡರು, ನನ್ನ ಬೆನ್ನು ಸವರಿದರು. ಸುಳ್ಳಿಗೆ ಸಮಾಧಾನವನ್ನೂ ಪಡೆದೆ.

ಒಂದು ಮಾತು ಮಾತ್ರ ಹೇಳುತ್ತೇನೆ, ಸಮರ್ಥನೆಗೆಂದಲ್ಲ. ಮರ ಅವಳದೇ. ತಂತಿಯ ದನಿ ಹಿಡಿಯುವ ಪಿಕಪ್ ಅವಳದೇ. ಕುತ್ತಿಗೆಯ ಬಾಗು ಅವಳ ಕೈ ಪಳಗಿಸಿದ್ದು. ಹೋದ ಸಲ ನೀನು ಬಂದಾಗ ಕದ್ದು ನೋಡಿದೆ, ಹೆಬ್ಬೆರಳಿನ ಜಾಗ ನಾನು ಮಾಡಿದ್ದಕ್ಕಿಂತ ಅಗಲವಾಗಿದೆ. ಹೆಚ್ಚಾದದ್ದು ನೀನು ನಿಜವಾಗಿ ಸವೆಸಿದ್ದು. ಆ ಮೇಸ್ತ್ರಿಗೆ ಏನು ಹೇಳುವುದು, ಹೊಸದನ್ನು ಮಾಡಿಸುವುದೋ ಬಿಡುವುದೋ ನಿನಗೆ ಸೇರಿದ್ದು. ನನ್ನೊಡನೆ ಸ್ವಲ್ಪ ದಿನ ಮಾತು ಬೇಡ ಅನ್ನಿಸಿದರೆ ಅದೂ ನ್ಯಾಯವೇ.

ಹೊಟ್ಟೆ ತುಂಬ ಉಣ್ಣು, ಕಾರ್ಯಕ್ರಮ ಮುಗಿಸಿ ಬರುವಾಗ ಕಿವಿ ಮುಚ್ಚಿಕೊಂಡು ಬಾ, ಗಾಳಿಗೆ ನಿನಗೆ ಬೇಗ ಶೀತ ಹಿಡಿಯುತ್ತದೆ. ನಿನ್ನ ಬೆರಳುಗಳು ನೂರು ವರ್ಷ ಗಟ್ಟಿಯಾಗಿರಲಿ.

ಮುಖ ತೋರಿಸಲು ಹಿಂಜರಿಯುತ್ತಿರುವ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿಕೊಂಡು ಅಂಚೆ ಡಬ್ಬದವರೆಗೂ ಹೋಗಿ ವಾಪಸು ಬಂದೆ, ಮತ್ತೆ ಒಡೆದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ತಪ್ಪೊಪ್ಪಿಗೆಯಲ್ಲೂ ಸುಳ್ಳು ಹೇಳುವ ಮನುಷ್ಯ ನಿನ್ನ ಅಪ್ಪ.

ಬೇಸಿಗೆ ಹೊಸ ಬಣ್ಣ ಹಾಕಿದ್ದು ಅವಳು ಹೋದ ಮೇಲಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ, ನೀನು ದೊಡ್ಡಮ್ಮನ ಮನೆಯಲ್ಲಿದ್ದಾಗ. ಮನೆಗೆ ಬಂದಾಗ ನೋಡಿ ಖುಷಿಪಡಲಿ ಎಂದು ಮಾಡಿದೆ. ಅವಳು ಬಂದ ದಿನ ಸಂಜೆ ಕುರ್ಚಿಯಲ್ಲಿ ಕೂರಿಸಿ, ಪೆಟ್ಟಿಗೆ ತೆರೆದು, ಅವಳ ತೊಡೆಯ ಮೇಲೆ ಇಟ್ಟೆ. ಹೆಬ್ಬೆರಳನ್ನು ಅವಳ ಜಾಗಕ್ಕೆ ಒಯ್ದಳು. ನುಣುಪಿಗೆ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಒಂದೇ ಒಂದು ಸ್ವರ ಮೀಟಿ, ಅದು ಪೂರ್ತಿ ಅಡಗುವವರೆಗೂ ಕೇಳಿದಳು. ಆಮೇಲೆ ಅವಳೇ ಎತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು.

ತೋಳಿನಲ್ಲಿ ಶಕ್ತಿ ಇರಲಿಲ್ಲ ಎಂದು ನಿನಗೂ ಊರಿಗೂ ಹೇಳಿದವನು ನಾನು. ಆ ನಾಲ್ಕು ತಿಂಗಳು ಅವಳು ಬಕೆಟ್ಟಿನಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕಿದಳು, ನಿನಗೆ ದಿನಾ ಎರಡು ಜಡೆ ಹೆಣೆದಳು. ಬೈಯಲಿಲ್ಲ, ಅಳಲಿಲ್ಲ, ತಂತಿ ಏನಾಯಿತು ಎಂದು ಕೇಳಲಿಲ್ಲ. ಪೆಟ್ಟಿಗೆ ಮುಚ್ಚಿದ ಮೇಲೆ ನನ್ನ ಕಡೆ ನೋಡಿ ಒಂದೇ ಮಾತು ಹೇಳಿದಳು.

"ತುಂಬಾ ಚೆನ್ನಾಗಿದೆ ರೀ" ಎಂದಳು.