ಮೂರನೆಯ ಗುಂಡಿ

ಮಾರ್ಚ್ 3, ಸೋಮವಾರ
ಎರಡು ಪ್ಯಾಂಟಿಗೆ ಜಿಪ್, ಶಾಲೆಯ ಯೂನಿಫಾರ್ಮ್ ಆರು. ಮೆಷೀನಿನ ಬೆಲ್ಟ್ ಮತ್ತೆ ಜಾರುತ್ತಿದೆ. ಆದರೂ ಖುಷಿ. ನಮ್ಮ ಲಾಯರ್ ಸೀರಿಯಲ್‌ಗೆ ಇಪ್ಪತ್ತು ವರ್ಷ ತುಂಬಿತಂತೆ! ಭಾನುವಾರ ಸಂಜೆ ಆರಕ್ಕೆ ಹಳೆಯ ನಟರೆಲ್ಲ ಟಿವಿಯಲ್ಲಿ ಒಟ್ಟಿಗೆ. ಜಾಹೀರಾತಿನಲ್ಲಿ ಲಾಯರ್ ಸಾಹೇಬರ ಮುಖವೇ ದೊಡ್ಡದು.

ತಂಗಿಯೂ ನೋಡುತ್ತಾಳೆ, ನೋಡದೆ ಇರಲಾರಳು. ಆ ಕಪ್ಪು ಕೋಟಿನ ಮೂರನೆಯ ಗುಂಡಿ ಮಾತ್ರ ಕಂದು ಎಂದು ಕಂಡುಹಿಡಿದವಳೇ ಅವಳು. ಲಾಯರ್ ಸಾಹೇಬರ ಅಮ್ಮ ಹೊಲಿದುಕೊಟ್ಟದ್ದು ಎಂದು ಅವಳ ವಾದ. ಬಟ್ಟೆ ನೋಡಿಕೊಳ್ಳುವವರ ಸೋಮಾರಿತನ ಎಂದು ನನ್ನದು. ಎಷ್ಟು ಜಗಳ! ಈಗ ಮಾತು ಬಿಟ್ಟು ನಾಲ್ಕು ವರ್ಷ. ಪ್ರೋಗ್ರಾಂ ಮುಗಿದ ಕೂಡಲೇ ಫೋನ್ ಮಾಡಬೇಕು. ಇದಕ್ಕಿಂತ ಒಳ್ಳೆ ನೆಪ ಸಿಗದು.

ಮಾರ್ಚ್ 6
ಭಾನುವಾರ ಅಂಗಡಿ ರಜೆ ಎಂದು ಬೋರ್ಡ್ ಹಾಕಿದೆ. ಎದುರುಮನೆ ಮೇಷ್ಟ್ರು ಕೇಳಿದರು, "ಯಾಕಮ್ಮ, ಮನೇಲಿ ವಿಶೇಷಾನಾ?" "ಹೌದು, ನೆಂಟರು ಬರ್ತಿದಾರೆ" ಎಂದೆ. ಸುಳ್ಳೇನಲ್ಲ.

ಮಾರ್ಚ್ 9, ಭಾನುವಾರ, ಸಂಜೆ 7:10
ಬರಲಿಲ್ಲ! ಲಾಯರ್ ಮಹಾಶಯ ಬರಲಿಲ್ಲ.

ಗುಮಾಸ್ತನ ಪಾತ್ರದವರು ಊರುಗೋಲು ಹಿಡಿದು ಬಂದಿದ್ದರು. ಮೂರೇ ಎಪಿಸೋಡಿನಲ್ಲಿದ್ದ ಹಾಲಿನವನೂ ಬಂದಿದ್ದ. ಇವರಿಗೇನು ಕೊಂಬು ಬಂದಿದೆಯೇ? ನಿರೂಪಕಿ ಚೀಟಿ ಓದಿದಳು: "ಅನಿವಾರ್ಯ ಕಾರಣಗಳಿಂದ ಬರಲಾಗುತ್ತಿಲ್ಲ." ಅದೆಂಥ ಅನಿವಾರ್ಯ? ಹೋಂವರ್ಕ್ ಬಿಟ್ಟು, ಅಪ್ಪನ ಕೈಯಲ್ಲಿ ಬೈಸಿಕೊಂಡು ಐನೂರು ಎಪಿಸೋಡ್ ನೋಡಿದವರು ನಾವು. ಒಂದು ಸಂಜೆ ಬಂದು ಕೂರಲು ಇವರಿಗೆ ಪುರಸೊತ್ತಿಲ್ಲ!

ಖಾಲಿ ಕುರ್ಚಿಗೆ ಕೋಟು ನೇತುಹಾಕಿದ್ದರು. ಚಪ್ಪಾಳೆ ಬೇರೆ. ಕ್ಯಾಮೆರಾ ಹತ್ತಿರ ಹೋಯಿತು... ನಾಲ್ಕೂ ಗುಂಡಿ ಕಪ್ಪು! ಕೋಟೂ ಬಂದಿಲ್ಲ! ಯಾವುದೋ ಬಾಡಿಗೆ ಕೋಟು ತಂದು ನಮ್ಮ ಕಿವಿಗೆ ಹೂವಿಟ್ಟರು.

ಕೂಗಾಡಿದೆ. ನಮ್ಮ ಯಜಮಾನರು ಪೇಪರ್ ಮಡಚಿ, "ನಿನ್ ತಂಗಿ ಮದುವೆಗೆ ನೀನು ಕಳಿಸಿದ ಮೆಸೇಜೂ ಅದೇ ಅಲ್ವಾ? ಅನಿವಾರ್ಯ ಕಾರಣ?" ಎಂದರು.
"ಅದು ಬೇರೆ!"
"ಹೂಂ. ಬೇರೆ."

ಬೇರೆಯೇ! ಅಕ್ಕ ಟೈಲರ್ ಆಗಿರುವಾಗ ಮದುವೆ ಬಟ್ಟೆ ಇನ್ಯಾರ ಕೈಲೋ ಹೊಲಿಸಿದಳು. ನಾಲ್ಕು ಜನರ ಮುಂದೆ ಮೂಗು ಕೊಯ್ದ ಹಾಗಾಯಿತು. ಹೋಗಲಿಲ್ಲ. ಇವತ್ತು ಫೋನೂ ಮಾಡಲಿಲ್ಲ.

ಮಾರ್ಚ್ 14
ಚಾನೆಲ್‌ಗೆ ಪತ್ರ ಬರೆಯಲು ಕೂತೆ. "ಜನರನ್ನು ಕಾಯಿಸಿ, ಒಂದು ಸಾಲಿನಲ್ಲಿ ಕೈತೊಳೆದುಕೊಂಡ ನಿಮ್ಮ ನಾಯಕ..." ಅಲ್ಲಿಗೇ ಪೆನ್ನು ನಿಂತಿತು. ತಂಗಿಯೂ ಮದುವೆ ದಿನ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಇಡಿಸಿದ್ದಳಂತೆ. ಕೊನೆಯವರೆಗೂ ಯಾರನ್ನೂ ಕೂರಲು ಬಿಡಲಿಲ್ಲವಂತೆ. ಅಮ್ಮ ಆಗಲೇ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾಚಿಕೆಯಾಗುತ್ತಿದೆ. ಸಿಟ್ಟೂ ಇಳಿದಿಲ್ಲ.

ಮಾರ್ಚ್ 15, ಮಧ್ಯಾಹ್ನ 3
ಮಾಡಿದೆ. ಎರಡೇ ರಿಂಗಿಗೆ ಎತ್ತಿದಳು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.
"ನಾಲ್ಕೂ ಕಪ್ಪು ಗುಂಡಿ ಕಣೇ ಅಕ್ಕ! ಮಾನ ಮರ್ಯಾದೆ ಇಲ್ವಾ ಅವರಿಗೆ?"

ಹತ್ತು ನಿಮಿಷ ಇಬ್ಬರೂ ಸೇರಿ ಆ ಮನುಷ್ಯನ ಜನ್ಮ ಜಾಲಾಡಿದೆವು. ಆಮೇಲೆ ಅವಳು, "ನೀನ್ಯಾಕೆ ಬರ್ಲಿಲ್ಲ?" ಎಂದಳು.

"ಅನಿ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಸಿಟ್ಟು ಬಂದಿತ್ತು ಕಣೇ. ಬಟ್ಟೆ ನನ್ ಹತ್ರ ಹೊಲಿಸ್ಲಿಲ್ಲ ಅಂತ."

"ಮದುವೆ ಹಿಂದಿನ ದಿನಾನೂ ನೀನು ಮೆಷೀನ್ ಮುಂದೇನೇ ಕೂತಿರ್ತೀಯ, ಅದರ ಬದಲು ನನ್ ಪಕ್ಕ ಇರ್ಲಿ ಅಂತ ಅಲ್ವೇನೇ ಬೇರೆ ಕಡೆ ಕೊಟ್ಟಿದ್ದು!"

ಕಟ್ ಆಯಿತು. ಅವಳೇ ಇಟ್ಟಳೋ, ನೆಟ್‌ವರ್ಕೋ. ನಾನೇ ಮತ್ತೆ ಮಾಡಲೇ? ಇಷ್ಟು ಬರೆದಿಟ್ಟು... ರಿಂಗ್ ಆಗುತ್ತಿದೆ. ಅವಳೇ. ಈ ಸಲ ನಾನೇ ಮೊದಲು ತಪ್ಪಾಯ್ತು ಅಂತ—