ನೀರು ಇಪ್ಪತ್ತನಾಲ್ಕಕ್ಕೆ ಇಳಿದ ದಿನ

ಅಲ್ ಬರ್ಷಾ, ದುಬೈ
30-11-2025

ನನ್ನ ಕಣ್ಣಿಗೆ ತಂಪಾದ ಮಗಳು ಸುಮೀನಾಳಿಗೆ ಉಮ್ಮನ ಸಲಾಂ.

ಅಲ್ಲಾಹನ ದಯೆಯಿಂದ ನಾನು ಗಟ್ಟಿ ಇದ್ದೇನೆ. ನೀನೂ ನಿನ್ನ ಹೊಟ್ಟೆಯಲ್ಲಿರುವ ಜೀವವೂ ಸುಖವಾಗಿರಲಿ ಎಂದು ಐದು ಹೊತ್ತೂ ದುಆ ಮಾಡುತ್ತೇನೆ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತಿ, ನಾನು ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಕೆಲಸಕ್ಕಿರುವ ನಮ್ಮೂರಿನ ಮಸೂದ್ ನ್ಯಾಷನಲ್ ಡೇ ರಜೆಗೆ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಕಳೆದ ವಾರ ನೀನು ಕೇಳಿದೆ: "ಉಮ್ಮಾ, ನಿಮಗೆ ಆ ಬಾಯಮ್ಮನ ಕಾಲು ದೊಡ್ಡದಾ, ನನ್ನ ಹೊಟ್ಟೆ ದೊಡ್ಡದಾ?" ನಾನು ನೆಟ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ. ನೆಟ್ ಸರಿಯಾಗಿಯೇ ಇತ್ತು. ಚೊಚ್ಚಲ ಬಸುರಿ ಮಗಳನ್ನು ಏಳನೇ ತಿಂಗಳಲ್ಲಿ ಗಂಡನ ಮನೆಯಿಂದ ಕರೆತರಬೇಕಾದವಳು ತಾಯಿ. ಏಳು ತುಂಬುತ್ತಾ ಬಂತು, ನಾನು ಇನ್ನೂ ಇಲ್ಲೇ. ಯಾಕೆ ಅಂತ ಈಗ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ನಿನ್ನ ಅತ್ತೆಗೂ ಓದಿ ಹೇಳು, ಅವರಿಗೂ ಸಂಗತಿ ತಿಳಿಯಲಿ.

ಈ ಮನೆಯ ಧಣಿ ಹರ್ಬರ್ಟ್ ಪೊರ್ಬು ನನ್ನನ್ನು ಕರೆಸಿದ್ದು ಅಡುಗೆಗೆ. ಬೇಸಿಗೆಯಲ್ಲಿ ಅವರ ತಾಯಿ ಗ್ರೇಸಿ ಬಾಯಮ್ಮನಿಗೆ ಸ್ಟ್ರೋಕ್ ಆಗಿ ಎಡಭಾಗ ಸೋತಿತು. ನೆಲದ ಮೇಲೆ ಒಂದು ಹೆಜ್ಜೆ ಇಡಲಾರರು, ಹೆದರಿಕೆ. ಅಲ್ ನಹ್ದಾದಿಂದ ಫಿಸಿಯೋ ಮಾಡಿಸಲು ಬರುವ ಅಕ್ಷಿತಾ ಹೇಳಿದಳು, ಎದೆಮಟ್ಟ ನೀರಿನಲ್ಲಿ ನಡೆಸಿ, ನೀರು ಭಾರ ಹೊರುತ್ತದೆ ಅಂತ. ಮನೆಯ ಹಿಂದೆ ಪೂಲ್ ಉಂಟಲ್ಲ. ಹಾಗೆ ನಾನು ಉದ್ದ ತೋಳಿನ ಅಂಗಿ, ಸಲ್ವಾರ್, ಸ್ಕಾರ್ಫ್ ಸಮೇತ ನೀರಿಗಿಳಿದೆ. ಈಜು ನನಗೂ ಬಾರದು. ಇಬ್ಬರೂ ಕಂಬಿ ಹಿಡಿದು ಆಚೆ ಈಚೆ ನಡೆಯುವುದು. ಬಾಯಮ್ಮನಿಗೆ ಬೈಗುಳಕ್ಕೆ ಮಾತ್ರ ಸ್ಟ್ರೋಕ್ ಆಗಿಲ್ಲ. "ಎಂತ ಮಾರಾಯ್ತಿ, ನನ್ನನ್ನು ಎಮ್ಮೆಯ ಹಾಗೆ ತೊಳೆಯುತ್ತೀಯಾ?" ಅನ್ನುತ್ತಾರೆ. ಎಮ್ಮೆಯಾದರೆ ಹಾಲಾದರೂ ಕೊಡುತ್ತಿತ್ತು ಅಂತ ನಾನು.

ಬಾಡಿಗೆ ವಿಲ್ಲಾ, ನೀರು ಬಿಸಿ ಮಾಡುವ ಮೆಷಿನ್ ಹಾಕಲು ಮಾಲಕ ಒಪ್ಪಲಿಲ್ಲ. ಚಳಿ ಹತ್ತಿದರೆ ಕಫ ಎದೆಗಿಳಿಯುತ್ತದೆಂದು ಪೊರ್ಬುವಿಗೆ ಭಯ. ಅವರು ವಾರವಿಡೀ ಅಬುಧಾಬಿಯಲ್ಲಿ, ಬರುವುದು ಶುಕ್ರವಾರ. ಅದಕ್ಕೆ ನನ್ನ ಕೈಗೆ ಥರ್ಮಾಮೀಟರ್ ಕೊಟ್ಟು ಹೇಳಿದ್ದರು: "ಬೀಫಾತಿಮಾ, ದಿನಾ ಬೆಳಿಗ್ಗೆ ನೋಡಿ ವಾಟ್ಸಾಪ್ ಮಾಡಿ. ಇಪ್ಪತ್ತನಾಲ್ಕಕ್ಕೆ ಇಳಿದ ದಿನ ಪೂಲ್ ಖಲಾಸ್. ಆ ವಾರವೇ ನಿಮಗೆ ಟಿಕೆಟ್."

ಮಗಳೇ, ಅದು ಇಪ್ಪತ್ತನಾಲ್ಕಕ್ಕೆ ಇಳಿದದ್ದು ನವೆಂಬರ್ ಹದಿನೇಳಕ್ಕೆ.

ಬೆಳಗಿನ ಜಾವ ಫಜ್ರ್ ನಮಾಝ್ ಮುಗಿಸಿ ಹೋಗಿ ನೋಡಿದೆ. ಹಿಂದಿನ ದಿನವಷ್ಟೇ ಬಾಯಮ್ಮ ಮೊದಲ ಬಾರಿಗೆ ನನ್ನ ತೋಳು ಬಿಟ್ಟು ನಾಲ್ಕು ಹೆಜ್ಜೆ ಇಟ್ಟಿದ್ದರು. ಈಗ ನಿಲ್ಲಿಸಿದರೆ ಮಾರ್ಚ್‌ವರೆಗೆ ಮಂಚ. ಮಾರ್ಚ್‌ಗೆ ಆ ಕಾಲು ಎಲ್ಲವನ್ನೂ ಮರೆತಿರುತ್ತದೆ. ನಾನು ಇಪ್ಪತ್ತಾರು ಅಂತ ಕಳಿಸಿದೆ. ಏಳನೇ ಕ್ಲಾಸಿನ ಲೆಕ್ಕದಲ್ಲೂ ನಾನು ನಕಲು ಮಾಡಿದವಳಲ್ಲ. ಹನ್ನೊಂದು ದಿನ ಸುಳ್ಳು ಬರೆದೆ. ನಡಿಗೆಯನ್ನು ಬಿಸಿಲು ನೀರಿನ ಮೇಲೆ ಬೀಳುವ ಹೊತ್ತಿಗೆ, ಮಧ್ಯಾಹ್ನ ಝುಹರ್ ನಮಾಝ್ ಆದ ಮೇಲಕ್ಕೆ ಬದಲಿಸಿದೆ. ಹತ್ತೇ ನಿಮಿಷ. ಮೇಲೆ ಬಂದ ಕೂಡಲೇ ಮೈ ಒರೆಸಿ ಶುಂಠಿ ಕಷಾಯ. ಒಂದು ಸೀನು ಕೂಡ ಬರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಮೊನ್ನೆ ಶುಕ್ರವಾರ ಪೊರ್ಬು ಬಂದು ಚಹಾಕ್ಕೆ ಕೂತಾಗ ಎಲ್ಲ ಹೇಳಿದೆ. ಕಪ್ಪು ಕೆಳಗಿಟ್ಟರು. "ನಿಮ್ಮ ಮೇಲೆ ಬಿಟ್ಟು ಹೋದದ್ದಲ್ವಾ ನಾನು? ಅಮ್ಮನಿಗೆ ನ್ಯುಮೋನಿಯಾ ಆಗಿದ್ದರೆ?" ಅಂದರು. ಕುರ್ಚಿಯಿಂದ ಬಾಯಮ್ಮ ಬೊಬ್ಬೆ ಹಾಕಿದರು: "ಅವಳಿಗೆ ಎಂತ ಬೈಯುತ್ತೀ? ನನ್ನ ಹಲ್ಲು ಕಟಕಟ ಅನ್ನುವಾಗ ಇವಳು ಇಪ್ಪತ್ತಾರು ಅನ್ನುತ್ತಿದ್ದಳು. ನನಗೆ ಗೊತ್ತಾಗದಾ? ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಒಂದು ವಾರ ಇರಲಿ ಪೂಲ್."

ಬೇಡ ಅಂದದ್ದು ನಾನು. ನಾಳೆಯೇ ಮುಚ್ಚಿಸಿ, ಬಾಯಮ್ಮ ಇನ್ನು ನೆಲದ ಮೇಲೆ ನಡೆಯುತ್ತಾರೆ ಅಂದೆ. ಪೊರ್ಬು ನಂಬಲಿಲ್ಲ. ನಾನು ಬಾಯಮ್ಮನ ಮುಂದೆ ಹೋಗಿ ನಿಂತು, ಏಳಿ ಅಂದೆ. ನನ್ನನ್ನು, ನನ್ನ ಏಳು ತಲೆಮಾರನ್ನು ಬೈಯುತ್ತಾ ಎದ್ದರು. ಕೋಲು ಊರಿ ಅಡುಗೆಮನೆ ಬಾಗಿಲವರೆಗೆ ಹೋಗಿ, "ಮೀನು ಸೀದುಹೋಗ್ತಾ ಉಂಟು, ನಾಟಕ ನಿಲ್ಲಿಸು" ಅಂದರು. ಪೊರ್ಬು ಆಚೆ ತಿರುಗಿ ಕನ್ನಡಕ ಒರೆಸಿಕೊಂಡರು.

ನಿನ್ನೆ ಪೂಲಿನವರು ಬಂದು ನೀಲಿ ಹೊದಿಕೆ ಎಳೆದು ಹೋದರು. ನನ್ನ ಟಿಕೆಟ್ ಶುಕ್ರವಾರಕ್ಕೆ. ಭಾನುವಾರ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತೇನೆ, ಇನ್ಶಾ ಅಲ್ಲಾಹ್. ನನ್ನ ಅಕ್ಕ ಪಾತುಮ್ಮ ನಿನ್ನನ್ನು ಕರೆಯಲು ಅದಕ್ಕೆ ಮೊದಲೇ ಬಂದರೆ ಚಹಾ ಕೊಟ್ಟು ಕಳಿಸು, ಹೊರಡಬೇಡ.

ಸುಳ್ಳು ಬರೆದದ್ದಕ್ಕೆ ಅಲ್ಲಾಹನ ಮುಂದೆ ತೌಬಾ ಮಾಡಿದ್ದೇನೆ. ಇಲ್ಲಿ ಉಳಿದು ನಿಂತದ್ದಕ್ಕೆ ಮಾಡುವುದಿಲ್ಲ. ನಿನ್ನನ್ನು ಕಾಯಿಸಿದ್ದಕ್ಕೆ ಮಾತ್ರ ನಿನ್ನ ಹತ್ತಿರವೇ ಮಾಫಿ ಕೇಳಬೇಕು, ಕೇಳಿದ್ದೇನೆ.

ನಿನ್ನ ಉಮ್ಮ,
ಬೀಫಾತಿಮಾ

ತಾ.ಕ.: ಇದನ್ನು ಅತ್ತೆಗೆ ಓದಬೇಡ. ಗುರುವಾರ ಚಳಿಗೆ ನನ್ನ ಕಾಲು ಮರಗಟ್ಟಿ ಆಳದ ಕಡೆಗೆ ಜಾರಿತು. ತಲೆ ಮುಳುಗಿತು, ಮುಗಿಯಿತೆಂದು ಕಲಿಮಾ ಹೇಳಿಕೊಂಡೆ. ಸ್ಕಾರ್ಫಿಗೆ ಕೈ ಹಾಕಿ ಎಳೆದದ್ದು ಬಾಯಮ್ಮ, ಬಲಗೈಯಲ್ಲಿ ಕಂಬಿ, ಆ ಸೋತ ಎಡಗೈಯಲ್ಲಿ ನಾನು. ಆಮೇಲೆ ಮೆಟ್ಟಿಲು ಹತ್ತಿ ಹೋಗಿ ಟವೆಲ್ ತಂದು ನನ್ನ ತಲೆ ಒರೆಸಿದರು. ತಾನು ನೆಲದ ಮೇಲೆ ನಡೆದದ್ದು ಅವರಿಗೇ ಗೊತ್ತಾಗಲಿಲ್ಲ. ಪೊರ್ಬುವಿಗೆ ನಾವಿಬ್ಬರೂ ಹೇಳಿಲ್ಲ. ನೀರಿನ ಅಡಿಯಲ್ಲಿ ನನಗೆ ಕಂಡದ್ದು ನಿನ್ನ ಮುಖ ಒಂದೇ, ಸುಮೀನಾ. ಫೋನ್ ಮಾಡಿ ಅಳಬೇಡ. ಭಾನುವಾರ ಎದುರಿಗೇ ಕೂತು ಎಷ್ಟು ಬೇಕಾದರೂ ಬೈ.