ಪಕ್ಕದವರ ಬ್ರೇಕು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಎರಡು ಪತ್ರ ಬಂದರೂ ಉತ್ತರಿಸದೆ ಕೂತಿದ್ದೆ, ಬೈದುಕೋ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಮತ್ತೆ ಪರೀಕ್ಷೆ ಯಾವಾಗ ಕಟ್ಟುತ್ತೀಯ ಎಂದು ಕೇಳಿದ್ದೆಯಲ್ಲ, ಅದಕ್ಕೇ ಬರೆಯಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕೆಲಸ ಇನ್ನೂ ಬಿಟ್ಟಿಲ್ಲ, ನಗಬೇಡ. ಕಲಿಯಲು ಬರುವವರಲ್ಲಿ ಒಬ್ಬರಿದ್ದ ಹಾಗೆ ಇನ್ನೊಬ್ಬರಿಲ್ಲ. ದರ್ಜಿಯೊಬ್ಬರಿದ್ದಾರೆ, ಎಲ್ಲ ಅವರ ಕಾಲಿಗೇ ಬಿಡಬೇಕು, ಮಾತಾಡಿದರೆ ಕೆಟ್ಟಿತು. ಬ್ಯಾಂಕಿನವರಿಗೆ ಗೇರಿನ ಚಿತ್ರ ಬರೆದು ತೋರಿಸದಿದ್ದರೆ ಕೈಯೇ ಏಳುವುದಿಲ್ಲ. ನಮ್ಮ ಯಜಮಾನರು ಎಲ್ಲರಿಗೂ ಒಂದೇ ಸಮ ಕಿರುಚುತ್ತಾರೆ.

ನರ್ಸಮ್ಮ ಒಬ್ಬರಿದ್ದಾರೆ, ಅವರು ಕಲಿಯುವ ರೀತಿಯೇ ನನಗೆ ತಿಳಿದಿರಲಿಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ ಅವರಿಗೆ ಸಿಗಬೇಕಾದರೆ ಲೈಸೆನ್ಸ್ ಬೇಕು. ಮೊನ್ನೆ ಶುಕ್ರವಾರ ಪರೀಕ್ಷೆ ಇತ್ತು, ಫೇಲಾದರೆ ಕೆಲಸ ಇನ್ನೊಬ್ಬರ ಪಾಲು. ನನ್ನ ಪಕ್ಕದಲ್ಲಿ ಒಂದೂ ತಪ್ಪಿಲ್ಲದೆ ಓಡಿಸುತ್ತಿದ್ದರು. ನಮ್ಮ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಹಿಂದಿನ ದಿನ, ಗುರುವಾರ, ನನ್ನ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಕೂತಿದ್ದೆ. ತಿರುವಿನಲ್ಲಿ ತಳ್ಳುಗಾಡಿಯೊಂದು ಅಡ್ಡ ಬಂತು. ಅವರು ನಿಲ್ಲಿಸಲೇ ಇಲ್ಲ. ನಾನೇ ತುಳಿದೆ. ಗಾಡಿಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತು.

ನರ್ಸಮ್ಮ ನನ್ನ ಕಾಲಿನತ್ತ ನೋಡಿ ಕೇಳಿದರು, "ಇವತ್ತು ನಿನ್ನ ಚಪ್ಪಲಿ ಎಲ್ಲಪ್ಪಾ?"

ಆಗ ಹೊಳೆಯಿತು. ಅಪಾಯ ಕಂಡಾಗೆಲ್ಲ ನನ್ನ ಕಾಲು ಬ್ರೇಕಿನತ್ತ ಸರಿಯುತ್ತಿತ್ತು. ಆ ಚಪ್ಪಲಿಯ ಸದ್ದು ಕೇಳಿ ಅವರು ನಿಲ್ಲಿಸುತ್ತಿದ್ದರು. ಅವರು ಕಲಿಯುವುದೆಲ್ಲ ಕಿವಿಯಿಂದ. ಪರೀಕ್ಷೆಯ ಅಧಿಕಾರಿ ಕಾಲಾಡಿಸದೆ ಕೂರುತ್ತಾರೆ. ಸ್ಕೂಲಿಗೆ ಬಂದು ಯಜಮಾನರಿಗೆ ಇದನ್ನು ಹೇಳಿದೆ.

"ಬಾಯ್ಮುಚ್ಕೊಂಡಿರು," ಎಂದರು ಯಜಮಾನರು. "ಫೇಲಾದ್ರೆ ಮತ್ತೆ ನಮ್ಮ ಹತ್ರಾನೇ ಬರ್ತಾರೆ."

ನನ್ನ ಬಾಯಿ ನಿನಗೆ ಗೊತ್ತಲ್ಲ. ನರ್ಸಮ್ಮನಿಗೆ ಹೇಳಿಬಿಟ್ಟೆ. ಅವರು ಕೇಳಿದರು, "ಹಾಗಾದ್ರೆ ನಂಗೇನೂ ಬರಲ್ವಾ?"

"ಕಿವಿ ಇದೆಯಲ್ಲ. ಕಂಡಿದ್ದನ್ನೆಲ್ಲ ಜೋರಾಗಿ ಹೇಳ್ತಾ ಓಡಿಸಿ, ನಿಮ್ಮ ಮಾತನ್ನ ನೀವೇ ಕೇಳಿಸ್ಕೊಳ್ಳಿ."

ಸಂಜೆಯವರೆಗೂ "ಮುಂದೆ ಸೈಕಲ್ಲು, ಬ್ರೇಕು! ಎಡಕ್ಕೆ ಮಗು, ಬ್ರೇಕು!" ಎಂದು ಒದರುತ್ತಾ ಓಡಿಸಿದರು. ನಾನು ಬರಿಗಾಲನ್ನು ಅಲ್ಲಾಡಿಸದೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ಶುಕ್ರವಾರ ಅಧಿಕಾರಿ, "ಯಾರ ಜೊತೆ ಮಾತಾಡ್ತಿದ್ದೀರಮ್ಮ?" ಎಂದು ಕೇಳಿದರಂತೆ. "ನನ್ನ ಕಾಲಿನ ಜೊತೆ ಸಾರ್" ಎಂದರಂತೆ ಇವರು. ಪಾಸಾದರು. ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಪುಟ್ಟಿಗೆ ಒಳ್ಳೆಯದಾಗಲಿ, ನನ್ನ ಪರವಾಗಿ ಅವಳ ಕೆನ್ನೆ ಹಿಂಡು.

ನಿನ್ನ ತಮ್ಮ

ಇನ್ನೊಂದು ಮಾತು. ಪುಟ್ಟಿ ನಿನ್ನೆದುರು ಲೆಕ್ಕವೆಲ್ಲ ಸರಿ ಮಾಡುತ್ತಾಳೆ, ಶಾಲೆಯಲ್ಲಿ ಸೊನ್ನೆ ತರುತ್ತಾಳೆ, ನನ್ನ ಹಾಗೇ ಹಟಮಾರಿ ಎಂದು ನೀನು ಬರೆದಿದ್ದೀಯ. ಅಕ್ಕ, ನಾನು ಹಟ ಮಾಡಿರಲಿಲ್ಲ. ನೀನು ಲೆಕ್ಕ ಹೇಳಿಕೊಡುವಾಗ ನಾನು ತಪ್ಪು ಅಂಕಿ ಬರೆಯಹೊರಟಾಗೆಲ್ಲ ನಿನ್ನ ಹುಬ್ಬು ಏಳುತ್ತಿತ್ತು, ನಾನು ತಿದ್ದಿಕೊಳ್ಳುತ್ತಿದ್ದೆ. ಅಷ್ಟು ವರ್ಷ ನಾನು ಓದಿದ್ದು ನಿನ್ನ ಹುಬ್ಬನ್ನು. ಪರೀಕ್ಷೆಯ ಕೋಣೆಯಲ್ಲಿ ಅದಿರಲಿಲ್ಲ. ಫಲಿತಾಂಶದ ದಿನ ಎಲ್ಲರೆದುರು "ಬೇಕಂತಲೇ ಮಾಡಿದಾನೆ" ಎಂದೆಯಲ್ಲ, ಅದು ಇನ್ನೂ ಚುಚ್ಚುತ್ತದೆ. ಮುಂದಿನ ಸಲ ಲೆಕ್ಕ ಮಾಡಿಸುವಾಗ ಪುಟ್ಟಿಯ ಬೆನ್ನ ಹಿಂದೆ ಕೂತುಕೋ. ತಪ್ಪುತ್ತಾಳೆ. ಆಗ ಆ ಮಾತು ಮಾತ್ರ ಅನ್ನಬೇಡ.